ಗುಂಜಿಯಾಚೆ ಅಪ್ಪನ ಹೆಜ್ಜೆಲೆಕ್ಕ

ಅಪ್ಪ ನಡೆಯುವಾಗ ಎಡಗಾಲನ್ನು ಮಾತ್ರ ಎಣಿಸುತ್ತಿದ್ದ. ಮೂವತ್ತು ವರ್ಷ ಭೂಮಾಪಕನಾಗಿ ಹೊಲದ ಬದುಗಳ ಮೇಲೆ ಓಡಾಡಿದವನಿಗೆ ತನ್ನ ಎರಡು ಹೆಜ್ಜೆ ಸೇರಿದರೆ ಒಂದೂವರೆ ಮೀಟರ್ ಎಂಬುದು ಕಾಲಲ್ಲೇ ಕೂತುಬಿಟ್ಟಿತ್ತು. ಎಡಗಾಲು ನೂರು ಸಲ ನೆಲ ಮುಟ್ಟಿದಾಗ ಪ್ಯಾಂಟಿನ ಎಡಜೇಬಿನಿಂದ ಒಂದು ಹುಣಸೆ ಬೀಜ ತೆಗೆದು ಬಲಜೇಬಿಗೆ ಹಾಕುತ್ತಿದ್ದ. ಇಪ್ಪತ್ತು ಬೀಜ ದಾಟಿದರೆ ಮೂರು ಕಿಲೋಮೀಟರ್. ಎಡಜೇಬು ಬರಿದಾದ ಕೂಡಲೇ ನಿಂತು, ‘ಆತು ನೋಡ್ರಿ’ ಅನ್ನುತ್ತಿದ್ದ. ಮೂರು ಕಿಲೋಮೀಟರನ್ನು ನಮ್ಮ ಮನೆಯಲ್ಲಿ ‘ಒಂದು ಜೇಬು’ ಅನ್ನುವುದು ರೂಢಿಯಾಗಿತ್ತು.

ನಾನು ಓಡಲು ಶುರು ಮಾಡಿದ್ದು ಎಂ.ಎಸ್ಸಿ. ಮುಗಿಸಿ ಬೆಳಗಾವಿಯ ಟಿಳಕವಾಡಿಯ ಮನೆಗೆ ಮರಳಿದ ವರ್ಷ. ಒಣಗಿದ ಬಟ್ಟೆ ತರಲು ಮಹಡಿಗೆ ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹತ್ತೊಂಬತ್ತೇ ಮೆಟ್ಟಿಲು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೇಲೆ ಹೋಗಿ ಹಗ್ಗದ ಪಕ್ಕ ಒಂದು ನಿಮಿಷ ನಿಂತು, ಉಸಿರು ಸರಿಯಾದ ಮೇಲೆ ಇಳಿಯುತ್ತಿದ್ದೆ. ಅದೇ ದಿನಗಳಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಡಾಕ್ಟರು ನಡೆಯಲು ಹೇಳಿದರು. ಅಪ್ಪನ ನೆಪದಲ್ಲಿ ನಾನೂ ಬೂಟು ಕೊಂಡೆ.

ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಹಳೆಯ ಮರಗಳಿರುವ ದೊಡ್ಡ ಮೈದಾನವಿದೆ. ಬೆಳಿಗ್ಗೆ ಆರಕ್ಕೆ ಅಲ್ಲಿ ಅಪ್ಪ ನಡೆಯುತ್ತಿದ್ದ, ನಾನು ಓಡುತ್ತಿದ್ದೆ. ಮೊದಲ ದಿನ ಕಾಲು ಸುತ್ತಿಗೇ ನಿಂತೆ. ಪಕ್ಕೆ ಹಿಡಿದುಕೊಂಡು ಬಗ್ಗಿ ನಿಂತ ನನ್ನನ್ನು ದಾಟಿಹೋದ ಅಪ್ಪ ತಿರುಗಿ ನೋಡದೆ, ಮಗಳನ್ನು ಮುದ್ದಿನಿಂದ ಕರೆಯುವ ಧಾಟಿಯಲ್ಲೇ, ‘ಎರಡ ಬೀಜನೂ ಆಗಲಿಲ್ಲಲ್ಲೋ ಬಾಳಾ’ ಅಂದ. ಆ ಮಾತಿನ ಉರಿಗೇ ಮರುದಿನ ಅರ್ಧ ಸುತ್ತು ಓಡಿದೆ. ಐದು ತಿಂಗಳಿಗೆ ನಿಲ್ಲದೆ ಐದು ಕಿಲೋಮೀಟರ್ ಓಡುವುದು ಸಾಧ್ಯವಾಯಿತು. ತೂಕ ಇಳಿದದ್ದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಬೇರೆ: ಓಡುವಾಗ ಯಾರೂ ಮಾತಾಡಿಸುವುದಿಲ್ಲ.

ಅಪ್ಪನ ಸಕ್ಕರೆ ಹತೋಟಿಗೆ ಬಂದಿತು. ಮೈದಾನ ಸಾಲದು ಅನ್ನಿಸಿ, ತಿಂಗಳಿಗೊಮ್ಮೆ ಬೆನ್ನಿಗೆ ಚೀಲ ಕಟ್ಟಿ ಖಾನಾಪುರದ ಕಡೆ ನಡೆಯುವ ಯೋಚನೆ ತೆಗೆದವನು ಅವನೇ. ಅವ್ವ ಮೊದಲು ನಕ್ಕಳು. ‘ಮದುವಿ ದಿನಾನೂ ಈ ಮನಶ್ಯಾ ಮಂಟಪ ಅಳತಿ ಮಾಡಿದ್ದ’ ಅಂದಳು. ಆಮೇಲೆ ಮೊಣಕಾಲು ನೋವಿದ್ದರೂ ಚೂಡಿದಾರ ಹೊಲಿಸಿಕೊಂಡು ಹೊರಟಳು. ಮೊದಲ ಸಲ ಹಲಸಿ ಎಂಬ ಊರಿಗೆ ಹೋದೆವು. ಅಪ್ಪ ಹೇಳಿದ ಬೀಜಕ್ಕೆ ಸರಿಯಾಗಿ ಗುಡಿಯ ಕಲ್ಲುಗೋಡೆ ಕಂಡಿತು. ಕದಂಬರ ಕಾಲದ ಆ ಕಂಬಗಳ ನೆರಳಿನಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವ್ವ ತನ್ನ ಮೊಣಕಾಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡು, ‘ಇದು ನನ್ನ ಕಾಲೇನು?’ ಅಂದಳು. ನಾವು ಮೂವರೂ ಅಷ್ಟು ನಕ್ಕದ್ದು ನನಗೆ ಬೇರೆ ನೆನಪಿಲ್ಲ.

ಹೀಗೆ ಒಂದು ವರ್ಷ ನಡೆಯಿತು. ನಿಯಮಗಳೆಲ್ಲ ಅಪ್ಪನವು. ಅವನು ಮುಂದೆ, ಅವ್ವ ನಡುವೆ, ನಾನು ಹಿಂದೆ. ಫೋನುಗಳು ಚೀಲದ ತಳದಲ್ಲಿ. ‘ದಾರಿ ಕಾಲಿಗೆ ತಿಳೀಬೇಕು, ಫೋನಿಗಲ್ಲ’ ಅನ್ನುತ್ತಿದ್ದ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಆಮೇಲೆ ಖಾನಾಪುರ ತಾಲೂಕಿನ ಕಾಡಂಚಿನ ಊರುಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಮುಟ್ಟಬೇಕೆಂದು ಗೋಡೆಯ ಮೇಲೆ ಒಂದು ನಕ್ಷೆ ಅಂಟಿಸಿದ್ದ.

ಡಿಸೆಂಬರಿನ ಒಂದು ಮುಂಜಾನೆ ಮೈದಾನದಲ್ಲಿ ಮಂಜು ಎಷ್ಟಿತ್ತೆಂದರೆ, ಮುಂದಿನ ಮರ ಹತ್ತಿರ ಹೋದ ಮೇಲೇ ಮರವಾಗುತ್ತಿತ್ತು. ಅಪ್ಪನ ಎರಡು ಸುತ್ತಿಗೆ ನನ್ನದು ಮೂರು. ಪ್ರತಿ ಸಲವೂ ಹಿಂದಿನಿಂದ ಬಂದು ಅವನನ್ನು ದಾಟುತ್ತಿದ್ದೆ. ಅಂದು ಅವನು ಎದುರಿನಿಂದ ಬಂದ. ಮಂಜಿನಿಂದ ಮೊದಲು ಧ್ವನಿ ಬಂತು, ಆಮೇಲೆ ಅವನು. ಮೆಲ್ಲಗೆ ಏನೋ ಹೇಳುತ್ತಿದ್ದ. ಹೆಜ್ಜೆ ಎಣಿಸುತ್ತಿದ್ದಾನೆ ಅಂದುಕೊಂಡೆ. ‘ಅಪ್ಪಾ, ಇದ್ಯಾಕ ಉಲ್ಟಾ ಹೊಂಟಿ?’ ಅಂದೆ. ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಮುಂದೆ, ಎದೆಯ ಎತ್ತರದಲ್ಲಿ, ಏನನ್ನೋ ನೋಡುತ್ತ ನನ್ನನ್ನು ದಾಟಿಹೋದ. ಮನೆಗೆ ಬಂದ ಮೇಲೆ ಕೇಳಿದ್ದಕ್ಕೆ, ‘ಮಂಜಿನ್ಯಾಗ ಎಡ ಯಾವದು ಬಲ ಯಾವದು’ ಅಂತ ನಕ್ಕು ಚಹಾ ಕುಡಿದ. ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೆ ಯಾವಾಗಲೂ ಸುಲಭ.

ಜನವರಿಯಲ್ಲಿ ಗುಂಜಿಗೆ ಹೊರಟೆವು. ಬೆಳಗಿನ ರೈಲಿಗೆ ಗುಂಜಿ ಸ್ಟೇಷನ್ನಿನಲ್ಲಿ ಇಳಿದು, ಬಂಡಿದಾರಿಯಲ್ಲಿ ಕಾಡಂಚಿಗೆ ನಡೆದರೆ ಒಂದು ನಂದಿಮರ ಸಿಗುತ್ತದೆ. ಅಲ್ಲಿ ಬಂಡಿದಾರಿ ಬಿಟ್ಟು ಕಾಲುದಾರಿ ಹಿಡಿಯಬೇಕು. ಅಲ್ಲಿಂದ ಎಮ್ಮೆ ಸಾಕುವ ಗೌಳಿಗರ ಹಟ್ಟಿಗೆ ಸರಿಯಾಗಿ ಒಂದು ಜೇಬು. ಮಳೆಗಾಲ ಮುಗಿದಾಗ ಒಮ್ಮೆ ಹೋಗಿ ಅಲ್ಲಿಯ ಒಬ್ಬರ ಅಂಗಳದಲ್ಲಿ ಡೇರೆ ಹಾಕಿದ್ದೆವು. ಹೊಸ ದಾರಿಯೇನಲ್ಲ.

ನಂದಿಮರದಿಂದ ಹದಿಮೂರು ಬೀಜದ ದೂರದಲ್ಲಿ ದಾರಿಯ ಪಕ್ಕ ಒಂದು ಕಲ್ಲಿದೆ. ಹೆಸರಿಲ್ಲ, ಕುಂಕುಮವಿಲ್ಲ. ದಾಟುವವರು ಒಂದು ಹಸಿ ಎಲೆ ಕಿತ್ತು ಅದರ ಮೇಲಿಟ್ಟು ಹೋಗುತ್ತಾರೆ, ಅಷ್ಟೆ. ಅಂದು ಅದರ ಮೇಲೆ ಒಣಗಿ ಸುರುಳಿಯಾದ ಹಳೆಯ ಎಲೆಗಳಷ್ಟೇ ಇದ್ದವು. ಅವ್ವ ಅವನ್ನು ಕೈಯಿಂದ ಸರಿಸಿ, ಮತ್ತಿಮರದ ಒಂದು ಅಗಲ ಎಲೆ ಇಟ್ಟಳು. ಅಪ್ಪ ಎಡಜೇಬು ಮುಟ್ಟಿಕೊಂಡು, ‘ಇನ್ನ ಏಳು ಬೀಜ’ ಅಂದ. ನನ್ನ ಗಡಿಯಾರದಲ್ಲಿ ಹನ್ನೊಂದೂವರೆ.

ಏಳು ಬೀಜ ಮುಗಿಯಬೇಕಾದ ಹೊತ್ತು ಮುಗಿಯಿತು. ಹಟ್ಟಿ ಬರಲಿಲ್ಲ. ಹಟ್ಟಿಗಿಂತ ಮೊದಲೇ ಕೇಳಬೇಕಾದ ನಾಯಿಗಳ ಬೊಗಳಿಕೆಯೂ ಇಲ್ಲ. ದಾರಿ ಗುಡ್ಡದ ಮೈಯನ್ನು ಬಳಸಿಕೊಂಡು ಹೋಗುತ್ತಲೇ ಇತ್ತು. ಅಪ್ಪ ಒಂದೇ ವೇಗದಲ್ಲಿ, ಒಮ್ಮೆಯೂ ನಿಲ್ಲದೆ ನಡೆಯುತ್ತಿದ್ದ. ಬಿದಿರಿನ ಒಂದು ಮೆಳೆ ದಾಟಿದ್ದೇ ಎದುರಿಗೆ ಕಲ್ಲು. ಅದರ ಮೇಲೆ ಹಸಿ ಮತ್ತಿಯ ಎಲೆ.

‘ಇಲ್ಲೂ ಒಂದ ಐತಿ ನೋಡು ಕಲ್ಲು,’ ಅವ್ವ ಅಂದಳು. ‘ಯಾರೋ ಈಗ ಹ್ವಾದಂಗೈತಿ ಮುಂದ.’ ಇನ್ನೊಂದು ಎಲೆ ಕಿತ್ತು ಮೊದಲಿನದರ ಪಕ್ಕ ಇಟ್ಟಳು.

ಅಪ್ಪ ಜೇಬು ಮುಟ್ಟಿಕೊಂಡ. ‘ಇನ್ನ ಏಳು ಬೀಜ.’

ಧ್ವನಿಯೂ ಮೊದಲಿನದೇ. ಚೀಲದ ಪಟ್ಟಿ ಬಿಗಿ ಮಾಡುವ ನೆಪದಲ್ಲಿ ಅವ್ವನನ್ನು ದಾಟಿ ಅಪ್ಪನ ಬೆನ್ನಹಿಂದೆ ಸೇರಿಕೊಂಡೆ. ಅವನ ಎಡಗಾಲನ್ನು ನಾನೂ ಎಣಿಸತೊಡಗಿದೆ. ನೂರಕ್ಕೆ ಕೈ ಎಡಜೇಬಿಗೆ ಹೋಯಿತು; ಬೀಜ ಬಲಕ್ಕೆ ಬಂತು. ಇನ್ನೂರಕ್ಕೂ ಹಾಗೇ. ತಪ್ಪಿಲ್ಲದ ಲೆಕ್ಕ. ಏಳು ಬೀಜ ಬಲಕ್ಕೆ ಬಂದು ಎಡಜೇಬು ಬರಿದಾಯಿತು. ಈಗ ನಿಂತು ‘ಆತು ನೋಡ್ರಿ’ ಅನ್ನಬೇಕು. ಅವನು ನಡೆಯುತ್ತಲೇ ಇದ್ದ. ಮತ್ತೆ ನೂರಾದಾಗ ಕೈ ಎಡಜೇಬಿಗೆ ಇಳಿದು, ತಡಕಾಡಿ, ಖಾಲಿಯಾಗಿ ಹೊರಬಂತು. ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಆಮೇಲೆ ಅವನ ಇನ್ನೊಂದು ಕೈ ಬಲಜೇಬಿನಿಂದ ಒಂದು ಬೀಜ ತೆಗೆದು ಎಡಜೇಬಿಗೆ ಹಾಕಿತು. ನಡಿಗೆ ಒಂದಿಷ್ಟೂ ತಪ್ಪಲಿಲ್ಲ.

ಏಳು ಅತ್ತ, ಏಳು ಇತ್ತ. ಹದಿನಾಲ್ಕು ಬೀಜ ಮುಗಿಯುವಾಗ ಬಿದಿರಿನ ಮೆಳೆ ಬಂತು. ಅದರಾಚೆ ಕಲ್ಲು. ಕಲ್ಲಿನ ಮೇಲೆ ಎರಡು ಎಲೆ.

ಈ ಸಲ ಅವ್ವ ಹೊಸ ಎಲೆ ಕೀಳಲಿಲ್ಲ. ಎಲೆಗಳನ್ನೇ ನೋಡಿದಳು. ನಡುಮಧ್ಯಾಹ್ನದ ಬಿಸಿಲು, ಒಂದು ಹಕ್ಕಿಯ ಸದ್ದಿಲ್ಲ. ಅಪ್ಪ ಜೇಬು ಮುಟ್ಟಿಕೊಂಡು ಬಾಯಿ ತೆರೆದ. ಅವನು ಹೇಳುವುದನ್ನು ಕೇಳಬಾರದೆಂದು ನಾನೇ ಮೊದಲು ಹೇಳಿದೆ: ‘ನೀವಿಬ್ಬರೂ ಇಲ್ಲೇ ಕುಂದರ್ರಿ. ನಾ ಮುಂದ ಓಡಿ ನೋಡ್ಕೊಂಡು ಬರ್ತೀನಿ.’

ಚೀಲ ಇಳಿಸಿ ಓಡಿದೆ. ಇಷ್ಟು ದಿನದ ಮುಂಜಾನೆಗಳೆಲ್ಲ ಅಂದು ನನ್ನ ಕಾಲಿಗೆ ಬಂದವು. ಕಲ್ಲಿನಿಂದ ಐದು ನಿಮಿಷದ ಓಟಕ್ಕೆ ಎಡಗಡೆ ಅಗಲವಾದ ದಾರಿಯೊಂದು ಇಳಿದುಹೋಗಿತ್ತು. ಅದರ ತುಂಬ ಎಮ್ಮೆಯ ಗೊರಸಿನ ಗುರುತು, ಸೆಗಣಿ. ಅದೇ ಹಟ್ಟಿಯ ದಾರಿ. ಹಿಂದೆ ಬಂದಾಗ ಇಳಿದದ್ದೂ ಅಲ್ಲೇ. ಯಾರಿಗೂ ಕಾಣದಿರುವ ದಾರಿಯಲ್ಲ. ಅಪ್ಪ ಎರಡು ಸಲ ಅದರ ಬಾಯಿಯನ್ನೇ ತುಳಿದು ದಾಟಿದ್ದ. ನಾವಿಬ್ಬರು ಅವನ ಹಿಮ್ಮಡಿ ನೋಡುತ್ತ ದಾಟಿದ್ದೆವು. ಕಾಲುದಾರಿ ಗುಡ್ಡ ಸುತ್ತಿ ಆ ಕಲ್ಲಿಗೇ ಮರಳುತ್ತದೆಯೇ ಎಂದು ಖಚಿತ ಮಾಡಿಕೊಳ್ಳಲು ನಾನು ಕೆಳಗಿಳಿಯದೆ ನೇರ ಓಡಿದೆ. ಗುಡ್ಡ ಬಳಸಿ, ಬಿದಿರಿನ ಮೆಳೆ ದಾಟಿದಾಗ ಮುಂದೆ ಇಬ್ಬರು ನನಗೆ ಬೆನ್ನು ಮಾಡಿ ಕೂತಿದ್ದರು. ಒಬ್ಬ ಗಂಡಸು, ಒಬ್ಬ ಹೆಂಗಸು. ಹೆಂಗಸು ಗಂಡಸಿನ ಕಡೆ ಬಾಗಿದ್ದಳು. ಗಂಡಸು ಎದುರಿನ ಮರಗಳ ನಡುವೆ ಏನನ್ನೋ ನೋಡುತ್ತಿದ್ದ. ಯಾರಿವರು, ಇಲ್ಲೇಕೆ ಕೂತಿದ್ದಾರೆ ಅನ್ನಿಸಿತು. ಅವರು ನನ್ನ ಅವ್ವ, ಅಪ್ಪ ಎಂದು ತಿಳಿಯಲು ಮೂರೋ ನಾಲ್ಕೋ ಹೆಜ್ಜೆ ಬೇಕಾಯಿತು. ಆ ನಾಲ್ಕು ಹೆಜ್ಜೆಯಲ್ಲಿ ಹೆದರಿದಷ್ಟು ನಾನು ಯಾವತ್ತೂ ಹೆದರಿಲ್ಲ.

‘ಅಯ್ಯ, ಮುಂದ ಹ್ವಾದಾಕಿ ಹಿಂದಿಂದ ಬಂದಿ!’ ಅವ್ವ ಎದೆ ಹಿಡಿದುಕೊಂಡಳು.

‘ದಾರಿ ಸಿಕ್ಕತೇನು?’ ಅಪ್ಪ ಕೇಳಿದ.

ಸಿಕ್ಕಿತು ಅನ್ನಬಹುದಿತ್ತು. ಆದರೆ ಯಾವುದು ಅಂತ ಹೇಳಿದರೆ, ಬಂಡಿ ಹೋಗುವಷ್ಟು ಅಗಲದ ದಾರಿಯನ್ನು ಅವನು ಎರಡು ಸಲ ಕಾಣಲಿಲ್ಲ ಎಂದು ಹೇಳಿದಂತೆ. ಇವನು ನಾಡಿದ್ದು ಸೋಮವಾರ ಕಚೇರಿಗೆ ಹೋಗಿ ಯಾರದೋ ಹೊಲದ ಗಡಿ ಎಲ್ಲಿಗೆ ಮುಗಿಯುತ್ತದೆಂದು ತೋರಿಸಿ ಸಹಿ ಹಾಕಬೇಕಾದವನು. ತಲೆಯೊಳಗೆ ಏನೋ ಸಡಿಲವಾಗುತ್ತಿದ್ದರೆ ಈ ನಡಿಗೆಗಳೂ ಗೋಡೆಯ ನಕ್ಷೆಯೂ ಅಲ್ಲಿಗೆ ಮುಗಿದವು. ಮುಂದೆ ಅವನು ಮನೆಯ ಗೇಟು ದಾಟಲೂ ಯಾರಾದರೂ ಜೊತೆಗೆ ಬೇಕಾದೀತು. ಅವ್ವನ ಎದುರು ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಉಸಿರು ಸುಧಾರಿಸಿಕೊಳ್ಳುತ್ತ ನಿಂತೆ.

ಆಗ ಕೆಳಗಿನಿಂದ ಎಮ್ಮೆಗಳ ಗಂಟೆ ಕೇಳಿತು. ನಾಲ್ಕು ಎಮ್ಮೆ, ಹಿಂದೆ ಕೋಲು ಹಿಡಿದ ಹಿರಿಯ ಗೌಳಿ ಹೆಂಗಸು. ಹಿಂದಿನ ಸಲ ನಮಗೆ ಹಾಲು ಕೊಟ್ಟವಳೇ. ಅವ್ವ ಎಲ್ಲ ಹೇಳಿದಳು. ಆ ಹೆಂಗಸು ಕಲ್ಲಿನ ಮೇಲಿನ ಎರಡು ಎಲೆ ನೋಡಿ, ನಮ್ಮ ಮೂವರನ್ನೂ ನೋಡಿ ತಲೆ ಆಡಿಸಿದಳು.

‘ಚಕವಾ ಹತ್ಯಾನ ನಿಮಗ.’

ಚಕವಾ ಎಂದರೆ ದಾರಿ ತಪ್ಪಿಸಿ ಸುತ್ತಿಸುವ ದೆವ್ವ. ಮರಾಠಿ ಮಾತಾಡುವ ನೆರೆಮನೆಯ ಮಕ್ಕಳಿಂದ ಚಿಕ್ಕಂದಿನಲ್ಲೇ ಕೇಳಿದ್ದೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಬರೀ ಸುತ್ತಿಸುತ್ತದೆ.

‘ನಮ್ಮ ಕೊರಳಾಗ ಲಿಂಗ ಐತಬೇ,’ ಅವ್ವ ಅಂದಳು. ‘ನಾವು ಅಂಥಾವೆಲ್ಲಾ ನಂಬೂ ಮಂದಿ ಅಲ್ಲ.’

‘ಲಿಂಗ ಕೊರಳಾಗ ಐತಿ ಯವ್ವಾ, ಕಾಲು ನೆಲದ ಮ್ಯಾಲ ಅದಾವಲ್ಲ! ಅಂವ ಹಿಡಿಯೂದು ಕಾಲು. ಮೊದಲ ಬೂಟ ತಗೀರಿ. ಅಂಗಿ ತಿರುವಿ ಹಾಕ್ಕೋರಿ. ಮುಂದ ನಡದಾಂವ ಹಿಂದ ಆಗಬೇಕು, ಹಿಂದಿನಾಕಿ ಮುಂದ. ಈ ಕಾಡಿನಾಗ ಇರೂತನಕಾ ಅಂವ ಮತ್ತ ಮುಂದ ನಡೀಬಾರದು. ನಡದರ ಚಕವಾ ಗುರ್ತು ಹಿಡೀತಾನ.’

ನಾನು ಅಪ್ಪನ ಮುಖ ನೋಡಿದೆ. ಜನರ ಮೂಢನಂಬಿಕೆಗಳಿಗೆ ನಗುತ್ತಿದ್ದ ಮನುಷ್ಯ. ಅವನೇ ಮೊದಲು ಬಗ್ಗಿ ಬೂಟಿನ ಲಾಡಿ ಬಿಚ್ಚಿದ. ಅಂಗಿ ತೆಗೆದು ಒಳಗನ್ನು ಹೊರಗೆ ಮಾಡಿ ಹಾಕಿಕೊಂಡ. ಹೊಲಿಗೆಗಳು, ದಾರದ ತುದಿಗಳು ಎಲ್ಲ ಹೊರಗೆ ಬಂದವು. ಅವನಿಗೆ ಗುಂಡಿ ಹಾಕಲು ಬರದೆ ಅವ್ವ ಹಾಕಿದಳು. ತಾನೂ ಸ್ವೆಟರ್ ತಿರುಗಿಸಿ ತೊಟ್ಟಳು. ‘ಯಾರರ ನೋಡಿದರ ನಾಟಕದ ಕಂಪನಿ ಅಂದಾರು’ ಅಂದಳು. ಯಾರೂ ನಗಲಿಲ್ಲ.

ನಾನು ಮುಂದೆ ನಡೆದೆ. ಅವ್ವ ನಡುವೆ, ಅಪ್ಪ ಕೊನೆಗೆ. ಅಗಲ ದಾರಿ ಬಂದಾಗ ಎಡಕ್ಕೆ ಇಳಿದೆ. ಇಪ್ಪತ್ತು ನಿಮಿಷದೊಳಗೆ ಹಟ್ಟಿಯ ನಾಯಿಗಳು ಬೊಗಳಿದವು. ‘ಖರೇನ ಬಿಟ್ಟಾನ ನೋಡು!’ ಅವ್ವ ಕೈ ಮುಗಿದಳು. ನಾನು ಹಿಂದೆ ತಿರುಗಿದೆ. ಅಪ್ಪ ನನ್ನ ಕಡೆಯೂ ನೋಡುತ್ತಿರಲಿಲ್ಲ, ಹಟ್ಟಿಯ ಕಡೆಯೂ ಅಲ್ಲ. ನನಗಿಂತ ನಾಲ್ಕು ಮಾರು ಮುಂದೆ, ಖಾಲಿ ದಾರಿಯ ಮೇಲೆ ಅವನ ಕಣ್ಣಿತ್ತು. ಆ ಕಣ್ಣು ನಿಧಾನವಾಗಿ ಸರಿಯುತ್ತಿತ್ತು, ನಡೆಯುತ್ತಿರುವ ಏನನ್ನೋ ಹಿಂಬಾಲಿಸುವಂತೆ.

ಮರುದಿನ ವಾಪಸು ಬರುವಾಗಲೂ ನಾನೇ ಮುಂದೆ. ಮಧ್ಯಾಹ್ನದ ರೈಲು ಅರ್ಧ ಖಾಲಿ ಇತ್ತು. ಅವ್ವ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಖಾನಾಪುರ ದಾಟಿದ ಮೇಲೆ ಅಪ್ಪ ನನ್ನ ಪಕ್ಕಕ್ಕೆ ಬಂದು ಕೂತ.

‘ನೀ ನೋಡಿದೆಲ್ಲ?’ ಅಂದ.

‘ಹೂಂ.’

‘ಚಕವಾ ಅಲ್ಲ ಅದು.’ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. ‘ನನ್ನ ಮುಂದ ನಮ್ಮ ಚೈನ್‌ಮನ್ ಹೊಂಟಿದ್ದ. ಹೆಗಲ ಮ್ಯಾಲ ಸರಪಳಿ. ಅಂವ ತೀರಿ ಒಂಬತ್ತ ವರ್ಷ ಆತು. ಅದು ನನಗ ಗೊತ್ತೈತಿ. ಗೊತ್ತಿದ್ದೂ ಹಿಂದ ಹ್ವಾದೆ. ಅಳತಿಗೆ ಹ್ವಾದಾಗ ಸರಪಳಿ ಹಿಡದು ಮುಂದ ನಡಿಯೂದು ಅಂವ. ನಾ ದಾರಿ ನೋಡೂದಿಲ್ಲ ಬಾಳಾ, ಅವನ ಬೆನ್ನ ನೋಡ್ತೀನಿ. ಇಪ್ಪತ್ತ ವರ್ಷ ಹಂಗ ನಡದೀನಿ.’

‘ಮೈದಾನದಾಗೂ?’

‘ಅಲ್ಲಿನೂ. ಮಂಜಿದ್ದಾಗ ಭಾಳ.’

ರೈಲು ಇದಲಹೊಂಡದಲ್ಲಿ ನಿಂತು ಹೊರಟಿತು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಕೇಳಬೇಕಾದ ಪ್ರಶ್ನೆಗಳು ನನಗೆ ಸಾಲಾಗಿ ಹೊಳೆಯುತ್ತಿದ್ದವು: ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ. ಒಂದನ್ನೂ ಕೇಳಲಿಲ್ಲ. ಅವನ ಮುಖದಲ್ಲಿ ಹೆದರಿಕೆ ಇದ್ದಿದ್ದರೆ ಕೇಳುತ್ತಿದ್ದೆನೇನೋ. ಅಲ್ಲಿದ್ದದ್ದು ಹೆದರಿಕೆಯಲ್ಲ, ನಾಚಿಕೆ.

‘ಡಾಕ್ಟರ್ ಕಡೆ ಹೋಗೂಣು ಅಪ್ಪಾ. ನಾಳೇನ.’

‘ಹೋಗೂಣು. ನಿಮ್ಮವ್ವಗ ಮಾತ್ರ ಚಕವಾ ಅಂತನ ಇರಲಿ. ಆಕಿಗೆ ಹೇಳಿದರ ನಾಳಿಂದ ನನ್ನ ಮನಿ ಬಿಟ್ಟು ಹೊರಗ ಬಿಡೂದಿಲ್ಲ. ನೀ ಯಾರಿಗೂ ಏನೂ ಹೇಳಾಕಿ ಅಲ್ಲಲ್ಲ?’

ಅಲ್ಲ ಎಂದು ತಲೆಯಾಡಿಸಿದೆ. ಏನೂ ಹೇಳದವಳು ಅನ್ನಿಸಿಕೊಳ್ಳುವುದು ಹೊಗಳಿಕೆಯೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಬೆಳಗಾವಿ ಬಂತು. ಅವ್ವ ಎದ್ದು ಚೀಲ ಏರಿಸಿಕೊಂಡಳು. ಬಾಗಿಲಿಗೆ ಮೊದಲು ಅಪ್ಪ ಹೋದ, ಅವನ ಹಿಂದೆ ನಾನು, ನನ್ನ ಹಿಂದೆ ಅವ್ವ. ರೈಲು ನಿಂತಿತು. ಅಪ್ಪ ಇಳಿಯಲಿಲ್ಲ. ಒಂದು ಬದಿಗೆ ಒತ್ತಿ ನಿಂತು, ಮೆಟ್ಟಿಲಿಗೆ ಜಾಗ ಬಿಟ್ಟ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಪ್ಲಾಟ್‌ಫಾರಂ ಮೇಲೆ ಹೊರಹೋಗುವ ಜನ, ಕೂಲಿಗಳು, ಚಹಾದವನು. ಅಪ್ಪ ಕಾಯುತ್ತಿದ್ದ, ಭಾರ ಹೊತ್ತ ವಯಸ್ಸಾದವರೊಬ್ಬರು ಹುಷಾರಾಗಿ ಇಳಿಯಲೆಂದು ಕಾಯುವ ಹಾಗೆ.

‘ಇಳೀರಿ ಸಾಹೇಬ್ರ, ಫೋಟೋ ತಗಸ್ಕೊಳ್ಳಾಕ ನಿಂತೀರೇನು?’ ಹಿಂದಿನಿಂದ ಯಾರೋ ಕೂಗಿದರು.

‘ಯಾಕ ನಿಂತ್ರಿ?’ ಅವ್ವ ನನ್ನ ಭುಜ ತಟ್ಟಿದಳು.

ಕಾಲು ಜಾರಿತು ಅನ್ನಬಹುದಿತ್ತು, ಚೀಲ ಸಿಕ್ಕಿಕೊಂಡಿತು ಅನ್ನಬಹುದಿತ್ತು. ನನ್ನ ಬಾಯಲ್ಲಿ ಅಂಥವು ಯಾವಾಗಲೂ ಸಿದ್ಧ ಇರುತ್ತವೆ. ತಿರುಗಿ ಅವ್ವನ ಕಿವಿಗೆ ಬಾಯಿಟ್ಟು ಹೇಳಿದೆ: ‘ಅಪ್ಪಗ ಯಾರೋ ಕಾಣಸ್ತಾರವ್ವಾ. ತೀರಿದ ಚೈನ್‌ಮನ್. ನಿನ್ನೆ ಕಾಡಿನ್ಯಾಗ ಅವನ ಹಿಂದನ ಹೋಗಿದ್ದು. ಈಗ ಅಂವ ಇಳೀಲಿ ಅಂತ ನಿಂತಾನ.’

ಅಪ್ಪನಿಗೆ ಕೇಳಿಸಿತು. ನನ್ನನ್ನೊಮ್ಮೆ ನೋಡಿದ. ಆ ನೋಟವನ್ನು ಇಲ್ಲಿ ಬರೆಯಲಾರೆ.

ಅವ್ವ ನನ್ನನ್ನು ಸರಿಸಿ ಮುಂದೆ ಬಂದಳು. ಖಾಲಿ ಮೆಟ್ಟಿಲನ್ನು ನೋಡಿದಳು, ಅಪ್ಪನನ್ನು ನೋಡಿದಳು. ಹಿಂದಿನವರು ತಳ್ಳುತ್ತಿದ್ದರು. ಒಂದು ಕೈಯಿಂದ ಬಾಗಿಲ ಸರಳು ಹಿಡಿದು, ಇನ್ನೊಂದು ಕೈಯಿಂದ ಅಪ್ಪನ ಮುಂಗೈ ಹಿಡಿದಳು.

‘ಇಳದರೇನ್ರಿ ಅವರು?’

ಅಪ್ಪ ತುಸು ಹೊತ್ತು ಪ್ಲಾಟ್‌ಫಾರಂ ಕಡೆ ನೋಡಿದ.

‘ಇಳದ,’ ಅಂದ.

‘ಹಂಗಾರ ನಾವೂ ಇಳಿಯೂಣು ಬರ್ರಿ,’ ಅಂದಳು ಅವ್ವ.